ನಕ್ಷೆಯ ಮೇಲಿನ ಸಾಸಿವೆ ಕಾಳು

ಮನೆ ಕಟ್ಟಿಸುವ ಮಾತು ನಿಮ್ಮಲ್ಲೂ ನಡೆದಿರಬಹುದು. ಸೈಟು ಕೊಂಡು ಹತ್ತು ವರ್ಷ ಆಗಿರುತ್ತದೆ. ಚೀಟಿ ದುಡ್ಡು, ಪಿ.ಎಫ್. ಹಣ, ಬ್ಯಾಂಕಿನ ಸಾಲ, ಸಾಲದ್ದಕ್ಕೆ ನಿಮ್ಮ ಕೈಯ ಎರಡು ಬಳೆ ಎಲ್ಲ ಸೇರಿ, ಒಂದು ದಿನ ಇಂಜಿನಿಯರು ನಕ್ಷೆಯ ಸುರುಳಿ ಹಿಡಿದು ಬರುತ್ತಾರೆ. ಅದನ್ನು ಮೇಜಿನ ಮೇಲೆ ಬಿಡಿಸಿ, ಮತ್ತೆ ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೂ ನಿಮ್ಮದೇ ಸ್ಟೀಲ್ ಲೋಟ ಇಡುತ್ತಾರೆ. ಯಜಮಾನರು, ಮೈದುನಂದಿರು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಎಲ್ಲರೂ ಬಗ್ಗಿ ನೋಡುತ್ತಾರೆ. ನೀವು ಕಾಫಿ ಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಅಡುಗೆಮನೆ ಎಲ್ಲಿ ಬರುತ್ತೆ?" ಅಂತ ಒಂದು ಮಾತು ಕೇಳುತ್ತೀರಿ. "ಇಲ್ಲಿ, ಆಗ್ನೇಯಕ್ಕೆ" ಅಂತ ಒಂದು ಬೆರಳು ಕಾಗದದ ಮೇಲೆ ಊರುತ್ತದೆ. ಅಲ್ಲಿಗೆ ನಿಮ್ಮ ಪಾಲಿನ ನಕ್ಷೆ ಓದುವ ಕೆಲಸ ಮುಗಿಯಿತು!

ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಓಡಾಡುವವರು ಯಾರು ಹೇಳಿ? ಕಸ ಗುಡಿಸುವವರು, ಒಲೆಯ ಮುಂದೆ ನಿಲ್ಲುವವರು, ಕಾಯಿಲೆ ಬಿದ್ದ ಮಗುವನ್ನೂ ಮೂಲೆ ಹಿಡಿದ ಮುದುಕರನ್ನೂ ನೋಡಿಕೊಳ್ಳುವವರು? ಹಾಗಿದ್ದೂ ಕೇಳಿದರೆ, "ಆ ಗೆರೆಗಳೆಲ್ಲ ನಮಗೆ ತಿಳಿಯಲ್ಲ ಕಣ್ರೀ" ಅನ್ನುತ್ತೇವೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ದೋಸೆಗೆ ಹಾಕಲು, ರವಿಕೆ ಕತ್ತರಿಸಲು, ರಂಗೋಲಿ ಬಿಡಲು ಬರುವ ಹೆಂಗಸಿಗೆ ಮನೆಯ ನಕ್ಷೆ ತಿಳಿಯದೆ ಹೋಗುವುದಕ್ಕೆ ಸಾಧ್ಯವೇ ಇಲ್ಲ. ಯಾರೂ ಕೂರಿಸಿಕೊಂಡು ಹೇಳಿಲ್ಲ, ಅಷ್ಟೆ. ಒಂದು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಅಳತೆಪಟ್ಟಿ ತೆಗೆದಿಟ್ಟುಕೊಳ್ಳಿ.

ನಕ್ಷೆಯ ಕೆಳಗಡೆ ಬಲಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಚೌಕ ಇರುತ್ತದೆ. ಮಾಲೀಕರ ಹೆಸರು, ಸೈಟಿನ ನಂಬರು, ಇಂಜಿನಿಯರ ರುಜು ಎಲ್ಲ ಅಲ್ಲಿರುತ್ತವೆ. ಅಲ್ಲೇ ಸಣ್ಣಕ್ಷರದಲ್ಲಿ 'ಸ್ಕೇಲ್ 1:100' ಅಂತ ಬರೆದಿರುತ್ತದೆ. ಎಲ್ಲರ ಕಣ್ಣೂ ಹಾರಿಸಿಕೊಂಡು ಹೋಗುವ ಈ ಪುಟ್ಟ ಬರಹವೇ ಇಡೀ ಕಾಗದಕ್ಕೆ ಬೀಗದ ಕೈ.

ದೋಸೆಗೆ ಮೂರಕ್ಕೆ ಒಂದು ಅನ್ನುತ್ತೇವೆ. ಮೂರು ಅಂದರೆ ಏನು, ಒಂದು ಅಂದರೆ ಏನು ಅಂತ ಯಾರೂ ಕೇಳುವುದಿಲ್ಲ. ಪಾವಿನಲ್ಲಿ ಅಳೆಯಿರಿ, ಲೋಟದಲ್ಲಿ ಅಳೆಯಿರಿ, ಮದುವೆ ಮನೆಯಾದರೆ ಸೇರಿನಲ್ಲಿ ಅಳೆಯಿರಿ. ಅಕ್ಕಿಗೂ ಉದ್ದಿಗೂ ಪಾತ್ರೆ ಒಂದೇ ಆಗಿದ್ದರೆ ಸರಿ, ಹಿಟ್ಟು ಹದವಾಗಿ ಉಬ್ಬುತ್ತದೆ. 1:100 ಅನ್ನುವುದೂ ಹೀಗೇ. ಕಾಗದದ ಮೇಲೆ ಒಂದು ಇದ್ದರೆ ನೆಲದ ಮೇಲೆ ಅಂಥವೇ ನೂರು. ಕಾಗದದ ಒಂದು ಸೆಂಟಿಮೀಟರು ನೆಲದ ಮೇಲೆ ನೂರು ಸೆಂಟಿಮೀಟರು, ಅಂದರೆ ಒಂದು ಮೀಟರು. ನಿಮ್ಮ ಹೆಬ್ಬೆರಳಿನಿಂದ ಅಳೆದರೂ ಆದೀತು; ಒಂದು ಹೆಬ್ಬೆರಳಿಗೆ ನೂರು ಹೆಬ್ಬೆರಳು. ಆದ್ದರಿಂದಲೇ ಅಲ್ಲಿ ಅಡಿ, ಇಂಚು, ಮೀಟರು ಅಂತ ಏನೂ ಬರೆದಿರುವುದಿಲ್ಲ.

ಕೆಲವು ನಕ್ಷೆಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, '1 ಇಂಚು = 8 ಅಡಿ' ಅಂತ ಇರುತ್ತದೆ. ಇದು 'ಒಂದು ಸೇರು ಅಕ್ಕಿಗೆ ಒಂದು ಚಮಚ ಮೆಂತ್ಯ' ಅಂದ ಹಾಗೆ. ಎರಡು ಕಡೆಗೂ ಪಾತ್ರೆ ಬೇರೆ. ಒಂದೇ ಪಾತ್ರೆಗೆ ತರಬೇಕಾದರೆ 8 ಅಡಿಯನ್ನು ಇಂಚು ಮಾಡಬೇಕು. 96 ಇಂಚು ಆಯಿತು. ಹಾಗಾಗಿ ಇದು 1:96. ಹತ್ತಿರ ಹತ್ತಿರ ನೂರೇ ಅಲ್ಲವೆ ಅಂತ ಉಡಾಫೆ ಮಾಡಬೇಡಿ. 30 ಅಡಿಯ ಗೋಡೆ ಈ ನಕ್ಷೆಯಲ್ಲಿ ಮೂರೂ ಮುಕ್ಕಾಲು ಇಂಚು ಬರುತ್ತದೆ. ಅದನ್ನೇ 1:100 ಅಂತ ತಿಳಿದು ಲೆಕ್ಕ ಹಾಕಿದರೆ ಗೋಡೆ ಮೂವತ್ತೊಂದೂ ಕಾಲು ಅಡಿಗೆ ಬೆಳೆದುಬಿಡುತ್ತದೆ! ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಪುರಸಭೆಗೆ ಕೊಡುವ ನಕ್ಷೆ ಮೀಟರಿಗೆ ತಿರುಗಿದೆ, ಮೇಸ್ತ್ರಿಯ ಬಾಯಿ ಇನ್ನೂ ಅಡಿಯಲ್ಲೇ ಇದೆ. ಎರಡನ್ನೂ ನಿಭಾಯಿಸುವುದಕ್ಕೆ ಒಂದು ಸುಲಭದ ಲೆಕ್ಕ ಇಟ್ಟುಕೊಳ್ಳಿ: 1:100ರ ನಕ್ಷೆಯಲ್ಲಿ 3 ಸೆಂಟಿಮೀಟರು ಅಂದರೆ ಹತ್ತು ಅಡಿಗೆ ಎರಡು ಇಂಚು ಕಡಿಮೆ. ಬಾಯಿಲೆಕ್ಕಕ್ಕೆ ಹತ್ತು ಅಡಿ ಅಂದುಕೊಳ್ಳಬಹುದು.

ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ 30×40 ಸೈಟು ಈ ನಕ್ಷೆಯಲ್ಲಿ ಎಷ್ಟಾಗುತ್ತದೆ ಗೊತ್ತೆ? ಸುಮಾರು 9.1 ಸೆಂಟಿಮೀಟರು ಅಗಲ, 12.2 ಸೆಂಟಿಮೀಟರು ಉದ್ದ. ಒಂದು ಪೋಸ್ಟ್ ಕಾರ್ಡಿಗಿಂತ ಒಂದಿಷ್ಟು ಕುಳ್ಳು! ನಿಮ್ಮ ಜೀವಮಾನದ ದುಡಿಮೆಯೆಲ್ಲ ಒಂದು ಕಾರ್ಡಿನೊಳಗೆ ಕೂತಿದೆ. ಅದರಲ್ಲಿ ಅಡುಗೆಮನೆ ಎಷ್ಟಿದ್ದೀತು ನೀವೇ ಊಹಿಸಿ. ಎರಡು ಅಂಚೆಚೀಟಿಯಷ್ಟು.

1:50 ಮತ್ತು 1:100, ಇವೆರಡರಲ್ಲಿ ಯಾವುದು ದೊಡ್ಡ ಚಿತ್ರ? ನೂರು ದೊಡ್ಡ ಸಂಖ್ಯೆ, ಆದ್ದರಿಂದ ಅದೇ ದೊಡ್ಡದು ಅಂತ ಓದಿದವರೂ ಹೇಳುವುದನ್ನು ಕೇಳಿದ್ದೇನೆ. ಒಂದು ಹೋಳಿಗೆಯನ್ನು ಐವತ್ತು ಜನಕ್ಕೆ ಹಂಚಿದರೆ ಚೂರು ದೊಡ್ಡದೋ, ನೂರು ಜನಕ್ಕೆ ಹಂಚಿದರೆ ದೊಡ್ಡದೋ? ಕೇಳುವುದೇ ಬೇಡ. 1:50ರ ಚಿತ್ರದಲ್ಲಿ ಮನೆ ಕಣ್ಣಿಗೆ ಇನ್ನಷ್ಟು ಹತ್ತಿರ ಬಂದಿರುತ್ತದೆ. ಹೊಲಿಗೆ ಕಲಿತವರಿಗೆ ಇದು ಹೊಸದಲ್ಲ. ನೋಟುಪುಸ್ತಕದಲ್ಲಿ ಕಾಲು ಅಳತೆಗೆ ರವಿಕೆಯ ಡ್ರಾಫ್ಟ್ ಬರೆದಿರುತ್ತೇವಲ್ಲ, ಅದು 1:4. ಇನ್ನು ಕೈಗಡಿಯಾರದ ಚಕ್ರ, ಹೊಲಿಗೆ ಯಂತ್ರದ ಪುಟ್ಟ ತಿರುಪು ಇಂಥವನ್ನು ಇರುವುದಕ್ಕಿಂತ ದೊಡ್ಡದಾಗಿ ಬರೆದರೆ ಮಾತ್ರ ಕಾಣುತ್ತದೆ. ಅಲ್ಲಿ 2:1, 5:1 ಅಂತ ಬರೆಯುತ್ತಾರೆ, ದೊಡ್ಡ ಸಂಖ್ಯೆ ಮೊದಲು.

ಇಲ್ಲಿ ಒಂದು ಸೂಕ್ಷ್ಮ ಇದೆ. 1:50ರ ನಕ್ಷೆ 1:100ರ ನಕ್ಷೆಗೆ ಎರಡರಷ್ಟು ಅನ್ನುತ್ತಾರೆ. ಹೌದು, ಉದ್ದದಲ್ಲಿ ಎರಡರಷ್ಟು, ಅಗಲದಲ್ಲಿ ಎರಡರಷ್ಟು. ಆದರೆ ಕಾಗದ? ಹಬ್ಬದ ದಿನ ಅಂಗಳದಲ್ಲಿ ಏಳು ಚುಕ್ಕಿ, ಏಳು ಸಾಲಿನ ರಂಗೋಲಿ ಹಾಕುತ್ತೀರಿ. ದಿನಾ ಚುಕ್ಕಿಗೆ ಚುಕ್ಕಿಗೆ ಒಂದು ಇಂಚು ಬಿಡುವವರು ಅವತ್ತು ಎರಡು ಇಂಚು ಬಿಟ್ಟಿರಿ ಅನ್ನಿ. ಗೆರೆ ಎಳೆಯುವುದಕ್ಕೆ ಎರಡರಷ್ಟು ಪುಡಿ ಸಾಕು. ಆದರೆ ಒಳಗೆ ಬಣ್ಣ ತುಂಬಲು ಕೂತರೆ ನಾಲ್ಕರಷ್ಟು ಬಣ್ಣ ಬೇಕು! ಡಬ್ಬಿ ಅರ್ಧಕ್ಕೇ ಖಾಲಿಯಾಗಿ ಪಕ್ಕದ ಮನೆಗೆ ಓಡಿದವರಿಗೆ ಇದು ಚೆನ್ನಾಗಿ ಗೊತ್ತು. ಉದ್ದ ಇಮ್ಮಡಿಯಾದರೆ ಜಾಗ ನಾಲ್ಮಡಿ. ಮನೆಗೂ ಇದೇ ನ್ಯಾಯ. 'ಕೋಣೆಯ ಎರಡು ಕಡೆಗೂ ಒಂದೊಂದು ಅಡಿ ಸೇರಿಸಿಬಿಡಿ, ಏನು ಮಹಾ' ಅನ್ನುತ್ತೇವೆ. 10×10ರ ಕೋಣೆ 11×11 ಆದರೆ ನೂರು ಚದರಡಿ ನೂರಿಪ್ಪತ್ತೊಂದಾಯಿತು. ನೆಲಹಾಸಿನ ಕಲ್ಲೂ ತಾರಸಿಯ ಸಿಮೆಂಟೂ ಆ ಲೆಕ್ಕದಲ್ಲೇ ಏರುತ್ತವೆ.

ಈಗಿನ ಕಾಲದ ಒಂದು ಮೋಸ ಹೇಳುತ್ತೇನೆ. ಮೋಸ ಅಂದರೆ ಯಾರೂ ಬೇಕೆಂದು ಮಾಡಿದ್ದಲ್ಲ, ಯಂತ್ರ ಮಾಡುವ ಮೋಸ. ಮೊದಲೆಲ್ಲ ನಕ್ಷೆಯ ಪ್ರತಿಯನ್ನು ಇದ್ದ ಅಳತೆಗೇ ತೆಗೆಯುತ್ತಿದ್ದರು. 1842ರಲ್ಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಕಂಡುಹಿಡಿದ ವಿಧಾನದಲ್ಲಿ, ಮೂಲ ಚಿತ್ರವನ್ನು ರಾಸಾಯನಿಕ ಸವರಿದ ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿ ತೊಳೆದರೆ ನೀಲಿ ನೆಲದ ಮೇಲೆ ಬಿಳಿ ಗೆರೆ ಮೂಡುತ್ತಿತ್ತು. ನಾವು ಇವತ್ತಿಗೂ ನೀಲನಕ್ಷೆ ಅನ್ನುವುದು ಅದರಿಂದಲೇ. ಆಮೇಲೆ ಮೂಗಿಗೆ ಘಾಟು ಬಡಿಯುವ ಅಮೋನಿಯಾ ಪ್ರಿಂಟ್ ಬಂತು. ಈಗ ಜೆರಾಕ್ಸು. ದೊಡ್ಡ ನಕ್ಷೆಯನ್ನು ಅಂಗಡಿಯವನು 'ಎ3' ಹಾಳೆಯಿಂದ 'ಎ4' ಹಾಳೆಗೆ ಇಳಿಸಿ ಕೊಡುತ್ತಾನೆ. ಮಡಚಿ ಕೈಚೀಲದಲ್ಲಿ ಇಡಲು ಅನುಕೂಲ ಅಂತ ನಾವೂ ಸುಮ್ಮನಿರುತ್ತೇವೆ. ಮನೆ ಚಿಕ್ಕದಾಯಿತು, ಗೆರೆಗಳು ಚಿಕ್ಕವಾದವು, ಆದರೆ ಮೂಲೆಯಲ್ಲಿ ಬರೆದ 1:50 ಮಾತ್ರ ಹಾಗೇ ಇದೆ! ನಿಜದಲ್ಲಿ ಅದೀಗ ಸುಮಾರು 1:71. ಅಳತೆಪಟ್ಟಿ ಇಟ್ಟು ನೋಡಿದರೆ ಮೂರಡಿಯ ಬಾಗಿಲು ಎರಡಡಿ ಒಂದು ಇಂಚು ತೋರಿಸುತ್ತದೆ, ಹತ್ತಡಿಯ ಅಡುಗೆಮನೆ ಏಳಡಿ ತೋರಿಸುತ್ತದೆ. ಮೊಬೈಲಿಗೆ ಬಂದ ನಕ್ಷೆಯಂತೂ ಬಿಡಿ, ಬೆರಳಿನಲ್ಲಿ ಹಿಗ್ಗಿಸಿದ ಹಾಗೆಲ್ಲ ಹಿಗ್ಗುತ್ತದೆ. ಅದರ ಮೇಲೆ ಅಳತೆಪಟ್ಟಿ ಇಡುವುದು ನೀರಿನ ಮೇಲೆ ರಂಗೋಲಿ ಬಿಟ್ಟ ಹಾಗೆ.

ಇದಕ್ಕೆ ಉಪಾಯ ಇದೆ. ಒಳ್ಳೆಯ ನಕ್ಷೆಯಲ್ಲಿ ಒಂದು ಗೆರೆಪಟ್ಟಿ ಬರೆದಿರುತ್ತಾರೆ, ಕಪ್ಪು-ಬಿಳುಪಿನ ಮನೆಮನೆ ಇರುವಂಥದು. 0, 1, 2, 5 ಮೀಟರು ಅಂತ ಅದಕ್ಕೆ ಗುರುತಿರುತ್ತದೆ. ನಕ್ಷೆ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ, ಹಿಗ್ಗಿದರೆ ಹಿಗ್ಗುತ್ತದೆ. ಒಂದು ದಾರ ಹಿಡಿದು ಕೋಣೆಯನ್ನು ಅಳೆದು, ಆ ದಾರವನ್ನು ಪಟ್ಟಿಯ ಮೇಲೆ ಇಟ್ಟು ನೋಡಿ. ಎಂಥ ಜೆರಾಕ್ಸಿನಲ್ಲೂ ಸುಳ್ಳು ಬರುವುದಿಲ್ಲ. ಪಟ್ಟಿ ಇಲ್ಲದಿದ್ದರೆ, ನಕ್ಷೆಯಲ್ಲಿ ಅಂಕಿ ಬರೆದಿರುವ ಯಾವುದಾದರೂ ಒಂದು ಗೋಡೆಯನ್ನು ಅಳೆದು ತಾಳೆ ನೋಡಿ. ತಾಳೆ ಬಿದ್ದರೆ ಮುಂದಕ್ಕೆ ಹೋಗಿ, ಬೀಳದಿದ್ದರೆ ಅಳತೆಪಟ್ಟಿಯನ್ನು ಕೆಳಗಿಡಿ. ಕಸಬು ಗೊತ್ತಿರುವ ಮೇಸ್ತ್ರಿಗಳು ಗೆರೆಯನ್ನು ಅಳೆಯುವುದೇ ಇಲ್ಲ, ಬರೆದ ಅಂಕಿಯನ್ನೇ ಓದುತ್ತಾರೆ. ಗೆರೆಗೂ ಅಂಕಿಗೂ ಜಗಳ ಬಂದರೆ ಅಂಕಿಯದೇ ಗೆಲುವು. ಅಂಕಿಯೇ ಇಲ್ಲದ ಕಡೆ ಬರೆದವರನ್ನು ಕೇಳಿ ಬರೆಸಿಕೊಳ್ಳಬೇಕು. ನಮ್ಮ ಮದುವೆ ಕರೆಯೋಲೆಗಳ ಹಿಂದೆ ದಾರಿಯ ನಕ್ಷೆ ಇರುತ್ತದಲ್ಲ, ಅದು ಯಾವ ಅಳತೆಗೂ ಸಿಕ್ಕುವಂಥದಲ್ಲ. ಬಸ್ ಸ್ಟ್ಯಾಂಡಿನಿಂದ ಕಲ್ಯಾಣ ಮಂಟಪ ಬೆರಳಗಲ ದೂರದಲ್ಲಿರುತ್ತದೆ. ನಡೆದು ಹೊರಟರೆ ಮುಹೂರ್ತ ಮುಗಿದಿರುತ್ತದೆ!

ಇನ್ನು ಗೆರೆಗಳನ್ನು ನೋಡೋಣ. ಪ್ಲಾನು ಅಂದರೆ ಏನು? ಕುಂಬಳಕಾಯಿಯನ್ನು ಅಡ್ಡಕ್ಕೆ ಕೊಯ್ದು ಮೇಲಿನ ಭಾಗ ಎತ್ತಿಟ್ಟು, ಮೇಲಿನಿಂದ ಒಳಗೆ ಇಣುಕಿದ ಹಾಗೆ. ಮನೆಯನ್ನು ಸುಮಾರಾಗಿ ಕಿಟಕಿಯ ಎತ್ತರದಲ್ಲಿ ಕೊಯ್ದಿರುತ್ತಾರೆ. ಜೋಡಿಗೆರೆಗಳೆಲ್ಲ ಕೊಯ್ದ ಗೋಡೆ. ದಪ್ಪದ್ದು ಒಂಬತ್ತು ಇಂಚಿನದು, ತೆಳ್ಳಗಿನದು ನಾಲ್ಕೂವರೆ ಇಂಚಿನದು. ಕಾಲು ಚಂದ್ರನ ಹಾಗೆ ಕಾಣುವ ಗೆರೆ ಬಾಗಿಲು ತೆರೆದುಕೊಳ್ಳುವ ದಾರಿ. ಅದು ಎತ್ತ ಬಾಗಿದೆ ಅಂತ ಅವಶ್ಯ ನೋಡಿ. ಬಾಗಿಲು ತೆರೆದರೆ ಸ್ವಿಚ್ಚು ಅದರ ಹಿಂದೆ ಹೋಗುತ್ತದೆಯೇ, ಬೀರು ಇಡುವ ಜಾಗವನ್ನು ಬಾಗಿಲೇ ತಿನ್ನುತ್ತದೆಯೇ ಎಲ್ಲ ಅದರಿಂದಲೇ ತಿಳಿಯುತ್ತದೆ. ಕೋಣೆಯೊಳಗೆ ಬರೆದ ಅಳತೆ ಬಹಳ ಸಲ ಇಟ್ಟಿಗೆಯಿಂದ ಇಟ್ಟಿಗೆಗೆ ಇರುತ್ತದೆ. ಎರಡು ಕಡೆಯ ಗಿಲಾವು ಬಂದ ಮೇಲೆ ಒಂದು ಇಂಚು ಹೋಗುತ್ತದೆ. ಗೋಡೆಗೆ ಟೈಲ್ಸ್ ಹಚ್ಚಿದರೆ ಇನ್ನಷ್ಟು ಹೋಗುತ್ತದೆ. ಬೀರುವಿನ ಅಳತೆಗೆ ಸರಿಯಾಗಿ ಗೋಡೆಯಲ್ಲಿ ಗೂಡು ಬಿಡಿಸುವವರು ಈ ಒಂದು ಇಂಚನ್ನು ಮರೆಯಬಾರದು.

ಬಾಗಿಲಿನ ಮಾತು ಬಂದದ್ದರಿಂದ ನಮ್ಮ ಮನೆಯ ಸಂಗತಿ ಹೇಳಬೇಕು. ನಾವು ಕಟ್ಟಲು ಹೊರಡುವ ಹೊತ್ತಿಗೆ ಅತ್ತೆಯವರಿಗೆ ಹಿತ್ತಲ ಕಲ್ಲಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದು ಒಂದು ವರ್ಷವಾಗಿತ್ತು. ಮನೆಯೊಳಗೆ ಗಾಲಿಕುರ್ಚಿ. ಬಾಡಿಗೆ ಮನೆಯ ಬಚ್ಚಲಿಗೆ ಅದು ಹೋಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನೂ ನಮ್ಮವರೂ ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡು ಹೋಗಬೇಕು. ಅತ್ತೆ ಬಾಯಿ ಜೋರಿನವರು, ಮಾನಿಷ್ಠೆ. "ನನ್ನನ್ನ ಎತ್ತಿಕೊಂಡು ಹೋಗೋ ಕಾಲ ಒಂದೇ ಸಲ ಬರಲಿ ಅಂತಿದ್ದೆ, ದಿನಾ ಬರ್ತಿದೆಯಲ್ಲೇ" ಅನ್ನುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ನಕ್ಷೆ ಬಂತು, 1:100. ಗಂಡಸರು ಮುಂಬಾಗಿಲಿನ ಆಯ, ಕಾರು ನಿಲ್ಲುವ ಜಾಗ, ಮೆಟ್ಟಿಲಿನ ಸಂಖ್ಯೆ ಎಲ್ಲ ನೋಡಿ ಆಯಿತು. ರಾತ್ರಿ ಪಾತ್ರೆ ತೊಳೆದಿಟ್ಟು ನಾನು ಒಬ್ಬಳೇ ಕೂತೆ. ಬಚ್ಚಲಿನ ಬಾಗಿಲಿಗೆ 'ಡಿ2' ಅಂತ ಗುರುತಿತ್ತು. ಪಕ್ಕದ ಪಟ್ಟಿಯಲ್ಲಿ ಡಿ2 ಅಂದರೆ 0.75 ಮೀಟರು, ಅಂದರೆ ಎರಡೂವರೆ ಅಡಿ, 30 ಇಂಚು. ಹೊಲಿಗೆಯ ಟೇಪು ತಂದು ಗಾಲಿಕುರ್ಚಿ ಅಳೆದೆ. ಹೊರಗಿನ ಬಳೆಯಿಂದ ಬಳೆಗೆ 25 ಇಂಚು. ಸಾಕಷ್ಟಾಯಿತಲ್ಲ ಅನ್ನಿಸಬಹುದು. ಆದರೆ ಆ 30 ಇಂಚು ಗೋಡೆಯಲ್ಲಿ ಬಿಡುವ ಕಿಂಡಿ. ಅದರೊಳಗೆ ಎರಡು ಕಡೆ ಬಾಗಿಲುವಾಡದ ಮರ ಎರಡೂವರೆ ಇಂಚಿನಷ್ಟು ಬರುತ್ತದೆ. ಉಳಿದದ್ದು 25. ಗಾಲಿ ತಳ್ಳುವ ಬೆರಳ ಗೆಣ್ಣುಗಳಿಗೆ ಜಾಗ ಎಲ್ಲಿ?

ಮಾರನೆಯ ದಿನ ಇಂಜಿನಿಯರಿಗೆ ಹೇಳಿದೆ. "ಎಲ್ಲರ ಮನೇಲೂ ಬಾತ್‌ರೂಮಿಗೆ ಇಷ್ಟೇ ಮೇಡಂ, ಇದೇ ರೂಢಿ" ಅಂದರು. ಅವರದ್ದೂ ತಪ್ಪಲ್ಲ, ಅವರ ಮನೆಯಲ್ಲಿ ಗಾಲಿಕುರ್ಚಿ ಇರಲಿಲ್ಲ. ಮೂರಡಿ ಮಾಡಿ ಅಂದೆ. ಎರಡೂವರೆ ಅಡಿಗೂ ಮೂರಡಿಗೂ ಇರುವ ವ್ಯತ್ಯಾಸ ಆರು ಇಂಚು, ಹದಿನೈದು ಸೆಂಟಿಮೀಟರು. ಅವರ ಕಾಗದದ ಮೇಲೆ ಅದೆಷ್ಟು ಗೊತ್ತೆ? ಒಂದೂವರೆ ಮಿಲಿಮೀಟರು. ಒಂದು ಸಾಸಿವೆ ಕಾಳು! ಅವರು ಪೆನ್ಸಿಲು ತೆಗೆದು ಅಲ್ಲೇ ತಿದ್ದಿದರು. ಬಚ್ಚಲಿನ ಒಳಗಲ ನಾಲ್ಕಡಿ ಮಾತ್ರ ಇದ್ದದ್ದರಿಂದ ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿದರು. ಕಾಲು ಚಂದ್ರ ಈ ಕಡೆಯಿಂದ ಆ ಕಡೆಗೆ ಬಂತು. ಇಷ್ಟಕ್ಕೆ ಎರಡು ನಿಮಿಷ ಹಿಡಿಯಿತು. ಗೋಡೆ ಎದ್ದ ಮೇಲಾಗಿದ್ದರೆ ಬಾಗಿಲುವಾಡ ಕಿತ್ತು, ಇಟ್ಟಿಗೆ ಒಡೆದು, ಮೇಲಿನ ಲಿಂಟಲ್ ಬಿಚ್ಚಿ, ವಾರಗಟ್ಟಲೆ ರಂಪ. ಅತ್ತೆ ಆ ಮನೆಯಲ್ಲಿ ಆರು ವರ್ಷ ಇದ್ದರು. ಬೆಳಿಗ್ಗೆ ಐದು ಗಂಟೆಗೆ ಅವರ ಕುರ್ಚಿಯ ಗಾಲಿ ಬಚ್ಚಲ ಕಡೆಗೆ ಉರುಳುವ ಸದ್ದು ಕೇಳಿದರೆ ನನಗೂ ಏಳುವ ಹೊತ್ತಾಯಿತು ಅಂತ ಲೆಕ್ಕ.

ನೀವೂ ನಿಮ್ಮ ಸಾಮಾನನ್ನು ನಕ್ಷೆಯೊಳಗೆ ಇಟ್ಟು ನೋಡಬಹುದು. ಇದು ಮಕ್ಕಳಾಟದ ಹಾಗಿದ್ದರೂ ಬಹಳ ಉಪಯೋಗದ್ದು. 1:50ರ ನಕ್ಷೆ ಕೇಳಿ ತೆಗೆದುಕೊಳ್ಳಿ. ಹಳೆಯ ಕರೆಯೋಲೆಯ ದಪ್ಪ ಕಾಗದದಲ್ಲಿ ಚೂರುಗಳನ್ನು ಕತ್ತರಿಸಿ. ನೆಲದ ಮೇಲೆ ಒಂದು ಮೀಟರಿಗೆ ಕಾಗದದಲ್ಲಿ ಎರಡು ಸೆಂಟಿಮೀಟರು. ಆರೂ ಕಾಲು ಅಡಿಗೆ ಐದಡಿಯ ಮಂಚ 3.8ಕ್ಕೆ 3 ಸೆಂಟಿಮೀಟರು. ಮೂರಡಿ ಅಗಲದ ಬೀರು 1.8. ಎರಡಡಿಯ ಫ್ರಿಜ್ಜು 1.2. ಹೀಗೆ ಗ್ರೈಂಡರು, ಅಕ್ಕಿ ಡ್ರಮ್ಮು, ತೊಟ್ಟಿಲು ಎಲ್ಲವನ್ನೂ ಮಾಡಿ, ಕೋಣೆಗಳಲ್ಲಿ ಇಟ್ಟು ಸರಿಸಿ ನೋಡಿ. ಬಾಗಿಲು ತೆರೆಯುವ ಕಾಲು ಚಂದ್ರದ ಮೇಲೆ ಯಾವ ಚೂರೂ ಕೂರಬಾರದು. ಬಣ್ಣಬಣ್ಣದ ಜಾಹೀರಾತಿನ ನಕ್ಷೆಗಳಲ್ಲಿ ಮಂಚ, ಸೋಫಾ ಎಲ್ಲ ಮೊದಲೇ ಬರೆದಿರುತ್ತಾರೆ, ಕೋಣೆ ಬಯಲಿನ ಹಾಗೆ ಕಾಣುತ್ತದೆ. ಅಂಥಲ್ಲಿ ಮೊದಲು ಮಂಚವನ್ನು ಅಳೆಯಿರಿ. ಮಂಚ ಐದಡಿ ಉದ್ದ ಬಂದರೆ, ಅಲ್ಲಿ ಮಲಗುವವರು ಯಾರು ಅಂತ ಕೇಳಿ!

ಅಡುಗೆಮನೆಗೆ ಈ ಪರೀಕ್ಷೆ ತಪ್ಪದೆ ಮಾಡಿ. 1970ರಲ್ಲಿ ಮೊದಲು ಬಂದು ಆಮೇಲೆ ಹಲವು ಸಲ ತಿದ್ದಿದ ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬ ನಿಯಮಪುಸ್ತಕ ಇದೆ. ಊಟದ ಜಾಗ ಬೇರೆ ಇರುವ ಅಡುಗೆಮನೆಗೆ ಅದು ಹೇಳುವ ಕನಿಷ್ಠ ಅಳತೆ 5 ಚದರ ಮೀಟರು, ಅಗಲ 1.8 ಮೀಟರು. ಕನಿಷ್ಠ ಅನ್ನುವ ಮಾತನ್ನು ಗಮನಿಸಿ. ಇದು ಸುಖದ ಅಳತೆಯಲ್ಲ. 1.8 ಮೀಟರು ಅಂದರೆ ಆರಡಿಗೆ ಒಂದು ಇಂಚು ಕಡಿಮೆ. ಎರಡು ಕಡೆಯೂ ಎರಡೆರಡು ಅಡಿಯ ಕಟ್ಟೆ ಹಾಕಿಸಿದರೆ ನಡುವೆ ಉಳಿಯುವುದು ಎರಡಡಿಯೂ ಇಲ್ಲ. ಬಗ್ಗಿ ಕೆಳಗಿನ ಡಬ್ಬಿ ತೆಗೆಯುವಂತಿಲ್ಲ, ಸೊಸೆ ಬಂದರೆ ಅತ್ತೆ ಹೊರಗೆ ಹೋಗಬೇಕು. ಇಷ್ಟು ಅಗಲಕ್ಕೆ ಒಂದೇ ಕಡೆ ಕಟ್ಟೆ ಸಾಕು.

ಮನೆಯ ನಕ್ಷೆಯಲ್ಲಿ ಸಾಸಿವೆ ಕಾಳು ಆರು ಇಂಚಾಯಿತು. ಹೊಲದ ನಕ್ಷೆಯಲ್ಲಿ ಅದೇ ಕಾಳು ಎಷ್ಟಾಗುತ್ತದೆ ಅಂತ ತಿಳಿದರೆ ಬೆಚ್ಚಿಬೀಳುತ್ತೀರಿ. ತವರಿನ ಪಾಲಿನ ಮಾತು ಎಲ್ಲರ ಮನೆಯಲ್ಲೂ ಒಂದು ದಿನ ಬರುವಂಥದೇ ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಳೆಯ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920ರ ಅಳತೆಯವು. ಯಾಕೆ ಈ ವಿಚಿತ್ರ ಸಂಖ್ಯೆ? ಮೋಜಣಿಯ ಚೈನು 33 ಅಡಿ. ಒಂದು ಚೈನು ಉದ್ದ, ಒಂದು ಚೈನು ಅಗಲದ ಜಾಗವೇ ನಾವು ಹೇಳುವ ಗುಂಟೆ, 1089 ಚದರಡಿ. ಇಪ್ಪತ್ತು ಚೈನಿಗೆ ಒಂದು ಇಂಚು ಅಂತ ನಕ್ಷೆ ಬರೆದರು. ಇಪ್ಪತ್ತು ಚೈನು ಅಂದರೆ 660 ಅಡಿ, ಅದನ್ನು ಇಂಚು ಮಾಡಿದರೆ 7920. ಲೆಕ್ಕ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ: ಆ ನಕ್ಷೆಯ ಮೇಲೆ ಒಂದು ಚದರ ಇಂಚು ಅಂದರೆ ಸರಿಯಾಗಿ ಹತ್ತು ಎಕರೆ!

ಆದರೆ ಒಂದು ಗುಂಟೆ? ಇಂಚಿನ ಇಪ್ಪತ್ತನೆಯ ಒಂದು ಭಾಗ ಉದ್ದ, ಅಷ್ಟೇ ಅಗಲ. ಒಂದೂ ಕಾಲು ಮಿಲಿಮೀಟರು. ಅದೇ ಸಾಸಿವೆ ಕಾಳು. ಒಂದು 30×40 ಸೈಟಿಗೆ ಹತ್ತಿರದ ಜಾಗ ಒಂದು ಕಾಳಿನ ಅಡಿ ಮುಚ್ಚಿಹೋಗುತ್ತದೆ. ಗಡಿಯ ಗೆರೆಯೇ ಅರ್ಧ ಮಿಲಿಮೀಟರು ದಪ್ಪ ಇದ್ದರೆ, ನೆಲದ ಮೇಲೆ ಆ ಗೆರೆ ಹದಿಮೂರಡಿ ಅಗಲ! ನಮ್ಮ ಓರಗಿತ್ತಿಯ ತವರಿನಲ್ಲಿ ಅಣ್ಣತಮ್ಮಂದಿರು ಗ್ರಾಮ ನಕ್ಷೆಯ ಜೆರಾಕ್ಸ್ ಪ್ರತಿಯ ಮೇಲೆ ಅಳತೆಪಟ್ಟಿ ಇಟ್ಟು, ಬದು ಆರಡಿ ಈಚೆ, ಆರಡಿ ಆಚೆ ಅಂತ ಎರಡು ವರ್ಷ ಮಾತು ಬಿಟ್ಟಿದ್ದರು. ಗೆರೆಯ ದಪ್ಪದೊಳಗೆ ಅವರ ಜಗಳವೆಲ್ಲ ಮುಳುಗಿಹೋಗಿತ್ತು, ಅದು ಅವರಿಗೆ ಕಾಣಲಿಲ್ಲ. ಗ್ರಾಮ ನಕ್ಷೆ ಯಾವ ಹೊಲದ ಪಕ್ಕ ಯಾವ ಹೊಲ, ಹಳ್ಳ ಎಲ್ಲಿ, ದಾರಿ ಎಲ್ಲಿ ಅಂತ ತೋರಿಸುವುದಕ್ಕೆ ಇರುವುದು. ಅಡಿ ಲೆಕ್ಕದ ಗಡಿ ಬೇಕಾದರೆ ಟಿಪ್ಪಣಿ ತೆಗೆಸಬೇಕು, ಹದ್ದುಬಸ್ತಿಗೆ ಅರ್ಜಿ ಹಾಕಿ ಮೋಜಣಿದಾರರಿಂದ ಅಳೆಸಬೇಕು. ಟಿಪ್ಪಣಿ ನೋಡಲು ಸೊಟ್ಟಸೊಟ್ಟ ಕೈಚಿತ್ರ, ಯಾವ ಅಳತೆಗೂ ತಕ್ಕಂತೆ ಬರೆದದ್ದಲ್ಲ. ಆದರೆ ಅಳೆದು ಬರೆದ ಅಂಕಿ ಅದರಲ್ಲಿದೆ. ಇಲ್ಲೂ ಅಂಕಿಯದೇ ಗೆಲುವು.

ಮತ್ತೆ ನಿಮ್ಮ ಸೈಟಿಗೆ ಬರೋಣ. ಗುದ್ದಲಿ ಪೂಜೆ ಆಗಿ, ಪಾಯ ತೋಡುವ ಮೊದಲು, ಮೇಸ್ತ್ರಿ ಗೂಟ ಹೊಡೆದು ದಾರ ಕಟ್ಟಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಾನೆ. ಅದೇ ನಕ್ಷೆ, ಆದರೆ ಈಗ 1:1. ಆ ಸಂಜೆ ಮನೆಯ ಹೆಂಗಸರೆಲ್ಲ ತಪ್ಪದೆ ಹೋಗಿ. ಸುಣ್ಣದ ಗೆರೆಯನ್ನು ತುಳಿಯದೆ, ಬಾಗಿಲು ಬರುವ ಕಡೆಯಿಂದಲೇ ಒಳಗೆ ಹೋಗಿ. ಅಡುಗೆಮನೆಯಲ್ಲಿ ನಿಂತು ಕೈ ಚಾಚಿ. ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ, ಅಲ್ಲಿಂದ ಊಟದ ಜಾಗಕ್ಕೆ ಎಷ್ಟು ಹೆಜ್ಜೆ ನಡೆದು ನೋಡಿ. ಬಯಲಿನಲ್ಲಿ ಕೋಣೆಗಳು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ, ಹೆದರಬೇಡಿ. ಕಣ್ಣನ್ನು ನಂಬದೆ ಟೇಪನ್ನು ನಂಬಿ.

ಅಲ್ಲಿ ಇನ್ನೊಂದು ಕೆಲಸ ಇದೆ. ಮೂಲೆಗಳು ನೇರವಾಗಿವೆಯೇ ಅಂತ ನೋಡುವುದಕ್ಕೆ ಮೇಸ್ತ್ರಿಗಳು ಒಂದು ಗೋಡೆಯ ದಾರದ ಮೇಲೆ ಮೂರಡಿ, ಇನ್ನೊಂದರ ಮೇಲೆ ನಾಲ್ಕಡಿ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದಡಿ ಬರುತ್ತದೆಯೇ ಅಂತ ಅಳೆಯುತ್ತಾರೆ. ಮೂರು, ನಾಲ್ಕು, ಐದರ ಈ ಲೆಕ್ಕವೂ ದೋಸೆಯ ಲೆಕ್ಕದ ಹಾಗೆ, ಯಾವ ಅಳತೆಯಲ್ಲಾದರೂ ಸರಿಯೇ. ಅಡಿಯ ಬದಲು ಮೊಳ ಹಿಡಿದರೂ ಆದೀತು, ಹತ್ತರಷ್ಟು ಮಾಡಿದರೂ ಆದೀತು. ಹತ್ತರಷ್ಟು ಮಾಡಿದರೆ ಏನಾಯಿತು? ಮೂವತ್ತು, ನಲವತ್ತು, ಐವತ್ತು. ನಿಮ್ಮ 30×40 ಸೈಟು ತಾನಾಗಿಯೇ ಈ ಲೆಕ್ಕಕ್ಕೆ ಕೂತಿದೆ! ಒಂದು ಉದ್ದನೆಯ ಟೇಪು ತೆಗೆದುಕೊಂಡು ಸೈಟಿನ ಈ ಮೂಲೆಯಿಂದ ಓರೆಯಾಗಿ ಆ ಮೂಲೆಗೆ ನೀವೊಂದು ತುದಿ, ಓರಗಿತ್ತಿ ಒಂದು ತುದಿ ಹಿಡಿದುಕೊಳ್ಳಿ. ಐವತ್ತು ಅಡಿ ಬರಬೇಕು. ಇನ್ನೊಂದು ಓರೆಗೂ ಅಷ್ಟೇ ಬರಬೇಕು. ಒಂದು ಕಡೆ ನಲವತ್ತೊಂಬತ್ತೂವರೆ, ಇನ್ನೊಂದು ಕಡೆ ಐವತ್ತೂವರೆ ಬಂದರೆ ಸೈಟು ಸೊಟ್ಟಗಿದೆ. ಹಾಗೇನಾದರೂ ಬಂದರೆ ಟೇಪನ್ನು ಬಿಡದೆ ಹಿಡಿದುಕೊಂಡೇ ಮೇಸ್ತ್ರಿಯನ್ನು ಕೂಗಿ ಕರೆಯಿರಿ. ಗುದ್ದಲಿ ಇನ್ನೂ ನೆಲಕ್ಕೆ ಬಿದ್ದಿರುವುದಿಲ್ಲ.